ಟರ್ಕಿ ಯಾರ ಕಡೆ? ಉತ್ತರ ಇರುವುದು ಇಸ್ತಾಂಬುಲ್ ಮತಪೆಟ್ಟಿಗೆಯಲ್ಲಿ

ಪ್ರಶ್ನೆ: ಟರ್ಕಿ ನೇಟೊ ಸದಸ್ಯ. ಆದರೂ ರಷ್ಯಾದಿಂದ ಕ್ಷಿಪಣಿ ಕೊಳ್ಳುತ್ತದೆ, ಉಕ್ರೇನ್‌ಗೆ ಡ್ರೋನ್ ಮಾರುತ್ತದೆ. 2023ರಲ್ಲಿ ಭೂಕಂಪವಾದಾಗ ಭಾರತ ಸಹಾಯಕ್ಕೆ ಓಡಿತು. ಎರಡೇ ವರ್ಷದಲ್ಲಿ ಅದೇ ಟರ್ಕಿ ಪಾಕಿಸ್ತಾನದ ಪರ ನಿಂತಿತು. ಇನ್ನು ಒಳಗೆ ನೋಡಿದರೆ ಇಸ್ತಾಂಬುಲ್ ಮೇಯರ್ ಜೈಲಿನಲ್ಲಿ. ಈ ದೇಶ ನಿಜಕ್ಕೂ ಯಾರ ಕಡೆ? ಇದೆಲ್ಲ ಧರ್ಮದ ಕಾರಣಕ್ಕಾ? ನಾವು ಅಲ್ಲಿಗೆ ಪ್ರವಾಸ ಹೋಗೋದು ಬಿಟ್ಟರೆ ಅವರಿಗೆ ಏನಾದರೂ ಬಿಸಿ ತಟ್ಟುತ್ತಾ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಯುದ್ಧ, ಕ್ಷಿಪಣಿ, ಡ್ರೋನ್ ಮಾತೇ ಜಾಸ್ತಿ. ಮೇಯರ್ ವಿಷಯ ಒಂದೇ ಸಾಲಿನಲ್ಲಿ ಬಂದು ಹೋಗಿದೆ. ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಟರ್ಕಿಯ ವಿದೇಶಾಂಗ ನೀತಿ ಅರ್ಥವಾಗದೆ ತಲೆ ಕೆರೆದುಕೊಳ್ಳುವವರು ಸಾಮಾನ್ಯವಾಗಿ ನಕ್ಷೆ ನೋಡುತ್ತಾ ಕೂತಿರುತ್ತಾರೆ. ಅಲ್ಲಿನ ಚುನಾವಣೆ ಲೆಕ್ಕ ನೋಡಿದರೆ ಅರ್ಧ ಗೊಂದಲ ಅಲ್ಲೇ ತಿಳಿಯಾಗುತ್ತದೆ.

ಅಧ್ಯಕ್ಷ ರೆಜೆಪ್ ತಯ್ಯಿಪ್ ಎರ್ಡೊಗನ್ ಬೆಳೆದಿದ್ದು ಇಸ್ತಾಂಬುಲ್‌ನ ಕಾಸಿಂಪಾಶಾ ಎಂಬ ಬಡವರ ಕೇರಿಯಲ್ಲಿ. 1994ರಲ್ಲಿ ಅದೇ ಊರಿನ ಮೇಯರ್ ಆದರು. ನಲ್ಲಿ ನೀರು, ಬೀದಿ ಕಸ, ಹೊಗೆ. ಈ ಮೂರು ಸಮಸ್ಯೆಗೆ ಕೈ ಹಾಕಿ ಹೆಸರು ಮಾಡಿದರು. 1997ರಲ್ಲಿ ಸೀರ್ಟ್ ಎಂಬ ಊರಿನ ಸಭೆಯಲ್ಲಿ ಒಂದು ಕವಿತೆ ಓದಿದರು. ಮಿನಾರುಗಳೇ ನಮ್ಮ ಬಂದೂಕಿನ ಮೊನೆ ಎನ್ನುವ ಅರ್ಥದ ಸಾಲು ಅದರಲ್ಲಿತ್ತು. ಸೇನೆ ಮತ್ತು ಕೋರ್ಟು ಆಗ ಜಾತ್ಯತೀತತೆಯ ಕಟ್ಟಾ ಕಾವಲುಗಾರರು. ಕೇಸು ಬಿತ್ತು, ಮೇಯರ್ ಗಿರಿ ಹೋಯಿತು. 1999ರಲ್ಲಿ ನಾಲ್ಕು ತಿಂಗಳು ಜೈಲೂ ಆಯಿತು. ಇನ್ನು ಈ ಮನುಷ್ಯ ವಾರ್ಡಿನ ಮುಖ್ಯಸ್ಥ ಕೂಡ ಆಗಲಾರ ಅಂತ ಪತ್ರಿಕೆಗಳು ಬರೆದವು. 2001ರಲ್ಲಿ ಅವರು ಎಕೆಪಿ ಪಕ್ಷ ಕಟ್ಟಿದರು, 2003ರಲ್ಲಿ ಪ್ರಧಾನಿಯೇ ಆದರು.

ಇಸ್ತಾಂಬುಲ್ ಮೇಯರನ್ನು ಜೈಲಿಗೆ ಹಾಕಿದರೆ ಏನಾಗುತ್ತದೆ ಅಂತ ಎರ್ಡೊಗನ್‌ಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಆದರೂ 2025ರಲ್ಲಿ ಅದೇ ಆಯಿತು. ಸರ್ಕಾರ ಇದಕ್ಕೂ ನಮಗೂ ಸಂಬಂಧವಿಲ್ಲ, ಕೋರ್ಟು ಸ್ವತಂತ್ರ ಅನ್ನುತ್ತದೆ. ಟರ್ಕಿಯಲ್ಲಿ ಅದನ್ನು ನಂಬುವವರು ಕಡಿಮೆ. ಯಾಕೆ ಅಂತ ತಿಳಿಯಲು 2019ಕ್ಕೆ ಹೋಗಬೇಕು.

ಆ ವರ್ಷದ ಮಾರ್ಚ್ 31ರಂದು ಸ್ಥಳೀಯ ಚುನಾವಣೆ. ಇಸ್ತಾಂಬುಲ್‌ನಲ್ಲಿ ವಿರೋಧ ಪಕ್ಷ ಸಿಎಚ್‌ಪಿಯ ಎಕ್ರೆಮ್ ಇಮಾಮೊಗ್ಲು 13 ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು. ಕೋಟಿಗೂ ಹೆಚ್ಚು ಮತದಾರರಿರುವ ನಗರದಲ್ಲಿ ಅದು ಕೂದಲೆಳೆಯ ಅಂತರ. ಕೆಲವು ಮತಗಟ್ಟೆಗಳ ಅಧಿಕಾರಿಗಳು ಸರ್ಕಾರಿ ನೌಕರರಾಗಿರಲಿಲ್ಲ ಎಂಬ ಕಾರಣ ಕೊಟ್ಟು ಚುನಾವಣಾ ಮಂಡಳಿ ಮೇ 6ರಂದು ಈ ಗೆಲುವನ್ನೇ ರದ್ದು ಮಾಡಿತು. ಇಲ್ಲೊಂದು ಸಂಗತಿ ಗಮನಿಸಿ. ಅಲ್ಲಿ ಮತದಾರರು ಒಂದೇ ಲಕೋಟೆಯಲ್ಲಿ ನಾಲ್ಕು ಚೀಟಿ ಹಾಕಿದ್ದರು. ಮಹಾನಗರದ ಮೇಯರ್, ಜಿಲ್ಲಾ ಮೇಯರ್, ಜಿಲ್ಲಾ ಕೌನ್ಸಿಲ್, ವಾರ್ಡ್ ಮುಖ್ಯಸ್ಥ, ಹೀಗೆ. ಅದೇ ಗಟ್ಟೆ, ಅದೇ ಅಧಿಕಾರಿ, ಅದೇ ಲಕೋಟೆ. ಮೂರು ಚೀಟಿ ಸರಿ, ನಾಲ್ಕನೆಯದು ಮಾತ್ರ ತಪ್ಪು! ಜನ ಇದನ್ನು ಮರೆಯಲಿಲ್ಲ. ಜೂನ್ 23ರಂದು ಮತ್ತೆ ಮತದಾನವಾದಾಗ ಇಮಾಮೊಗ್ಲು ಗೆಲುವಿನ ಅಂತರ 8 ಲಕ್ಷ ದಾಟಿತು.

2023ರ ಮೇನಲ್ಲಿ ಎರ್ಡೊಗನ್ ಎರಡನೇ ಸುತ್ತಿನಲ್ಲಿ ಶೇ 52 ಮತ ಪಡೆದು ಮತ್ತೆ ಅಧ್ಯಕ್ಷರಾದರು. ವಿರೋಧ ಪಕ್ಷ ಕುಸಿದು ಕೂತಿತ್ತು. ಮುಂದಿನ ಹತ್ತೇ ತಿಂಗಳಲ್ಲಿ, 2024ರ ಮಾರ್ಚ್ 31ರ ಸ್ಥಳೀಯ ಚುನಾವಣೆಯಲ್ಲಿ, ಸಿಎಚ್‌ಪಿ ದೇಶದಾದ್ಯಂತ ಶೇ 37ಕ್ಕೂ ಹೆಚ್ಚು ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 1977ರ ನಂತರ ಅದಕ್ಕೆ ಆ ಜಾಗ ಸಿಕ್ಕಿರಲಿಲ್ಲ. ಎಕೆಪಿ ಹುಟ್ಟಿದ ಮೇಲೆ ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಎರಡನೆಯದಾಗಿದ್ದು ಅದೇ ಮೊದಲು. ಇಮಾಮೊಗ್ಲು ಇಸ್ತಾಂಬುಲ್‌ನಲ್ಲಿ ಮತ್ತೆ ಗೆದ್ದರು. ಮುಂದಿನ ಅಧ್ಯಕ್ಷ ಚುನಾವಣೆಗೆ ಅವರೇ ಎದುರಾಳಿ ಅನ್ನೋದು ಖಚಿತವಾಯಿತು.

2025ರ ಮಾರ್ಚ್ 18ರಂದು ಇಸ್ತಾಂಬುಲ್ ವಿಶ್ವವಿದ್ಯಾಲಯ ಅವರ ಪದವಿಯನ್ನೇ ರದ್ದು ಮಾಡಿತು. 1990ರಲ್ಲಿ ಉತ್ತರ ಸೈಪ್ರಸ್‌ನ ಕಾಲೇಜಿನಿಂದ ವರ್ಗವಾಗಿ ಬಂದಿದ್ದು ನಿಯಮದಂತೆ ಇರಲಿಲ್ಲ ಅನ್ನೋದು ಕಾರಣ. ಮೂವತ್ತೈದು ವರ್ಷ ಯಾರ ಕಣ್ಣಿಗೂ ಬೀಳದ ತಪ್ಪು. ಟರ್ಕಿ ಸಂವಿಧಾನದ ಪ್ರಕಾರ ಪದವಿ ಇಲ್ಲದವರು ಅಧ್ಯಕ್ಷ ಹುದ್ದೆಗೆ ನಿಲ್ಲುವಂತಿಲ್ಲ, ಗೊತ್ತಾಯಿತಲ್ವಾ? ಮರುದಿನ ಬೆಳಗ್ಗೆ ಭ್ರಷ್ಟಾಚಾರದ ಆರೋಪದಲ್ಲಿ ಪೊಲೀಸರು ಮನೆಗೆ ಬಂದರು. 23ರಂದು ಜೈಲು. ಅದೇ 23ರಂದು ಸಿಎಚ್‌ಪಿ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗೆ ಮತದಾನ ಇಟ್ಟಿತ್ತು. ಸದಸ್ಯರಲ್ಲದವರಿಗೂ ಬೇರೆ ಪೆಟ್ಟಿಗೆ ಇಟ್ಟರು. ಸುಮಾರು ಒಂದೂವರೆ ಕೋಟಿ ಜನ ಬಂದು ಮತ ಹಾಕಿದರು ಅಂತ ಪಕ್ಷ ಹೇಳಿತು. ನಗರಸಭೆ ಕಚೇರಿ ಇರುವ ಸರಾಚ್‌ಹಾನೆ ಚೌಕದಲ್ಲಿ ದಿನಾ ರಾತ್ರಿ ವಿದ್ಯಾರ್ಥಿಗಳು ಸೇರಿ 'ಹಕ್ಕು, ಕಾನೂನು, ನ್ಯಾಯ' ಅಂತ ಕೂಗುತ್ತಿದ್ದರು. 2025ರ ನವೆಂಬರ್‌ನಲ್ಲಿ ಸಿದ್ಧವಾದ ಆರೋಪಪಟ್ಟಿ ಸುಮಾರು ನಾಲ್ಕು ಸಾವಿರ ಪುಟ. ಇಮಾಮೊಗ್ಲುಗೆ ಕೇಳಿರುವ ಗರಿಷ್ಠ ಶಿಕ್ಷೆ 2,352 ವರ್ಷ. ಇದು ಅಚ್ಚಿನ ತಪ್ಪಲ್ಲ.

ಇನ್ನು ಎರ್ಡೊಗನ್ ಅವರದ್ದೇ ಒಂದು ಸಮಸ್ಯೆ ಇದೆ. ಈಗಿನ ಸಂವಿಧಾನದಂತೆ ಅವರು 2028ರಲ್ಲಿ ಮತ್ತೆ ನಿಲ್ಲುವಂತಿಲ್ಲ. ದಾರಿ ಎರಡೇ. ಸಂಸತ್ತೇ ಅವಧಿಗೆ ಮುಂಚೆ ಚುನಾವಣೆ ಘೋಷಿಸಬೇಕು, ಇಲ್ಲವೇ ಸಂವಿಧಾನ ಬದಲಾಗಬೇಕು. ಮೊದಲನೆಯದಕ್ಕೆ 600 ಸದಸ್ಯರಲ್ಲಿ 360 ಮತ ಬೇಕು. ಎರಡನೆಯದಕ್ಕೆ ಜನಮತಗಣನೆಗೆ ಹೋಗುವುದಾದರೆ 360, ಅದಿಲ್ಲದೆ ಆಗಬೇಕಾದರೆ 400. ಎಕೆಪಿ ಮತ್ತು ಅದರ ಜೊತೆಗಾರ ಪಕ್ಷ ಎಂಎಚ್‌ಪಿ ಸೇರಿದರೆ ಸುಮಾರು 320 ಆಗುತ್ತದೆ. ಕೊರತೆ ನಲವತ್ತು. ಅಲ್ಲಿನ ಅಲ್ಪಸಂಖ್ಯಾತ ಕುರ್ದ್ ಜನರ ಪಕ್ಷವಾದ ಡೆಮ್ ಹತ್ತಿರ 50ಕ್ಕೂ ಹೆಚ್ಚು ಸೀಟುಗಳಿವೆ.

ಈ ಕೂಡುವ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ. ಎಂಎಚ್‌ಪಿ ಅಂದರೆ ಕಡು ರಾಷ್ಟ್ರವಾದಿ ಪಕ್ಷ. ಅದರ ನಾಯಕ ದೆವ್ಲೆತ್ ಬಹ್ಚೆಲಿ, ಕುರ್ದ್ ಬಂಡಾಯದ ನಾಯಕ ಅಬ್ದುಲ್ಲಾ ಒಜಲಾನ್‌ನನ್ನು ಗಲ್ಲಿಗೆ ಹಾಕಿ ಅಂತ ಸಭೆಯಲ್ಲಿ ಹಗ್ಗ ಎಸೆದಿದ್ದ ಮನುಷ್ಯ. ಅವರೇ 2024ರ ಅಕ್ಟೋಬರ್ 22ರಂದು ಎದ್ದು ನಿಂತು, ಒಜಲಾನ್ ಸಂಸತ್ತಿಗೇ ಬಂದು ಬಂಡಾಯ ಮುಗಿಯಿತು ಅಂತ ಘೋಷಿಸಲಿ ಎಂದರು. ದೇಶವೇ ಕಣ್ಣರಳಿಸಿತು. ಒಜಲಾನ್ 1999ರಿಂದ ಇಮ್ರಾಲಿ ದ್ವೀಪದ ಜೈಲಿನಲ್ಲಿದ್ದಾರೆ. ಅವರ ಸಂಘಟನೆ ಪಿಕೆಕೆ 1984ರಿಂದ ನಡೆಸಿದ ಯುದ್ಧದಲ್ಲಿ ಸುಮಾರು 40 ಸಾವಿರ ಜನ ಸತ್ತಿದ್ದಾರೆ. 2025ರ ಫೆಬ್ರುವರಿಯಲ್ಲಿ ಒಜಲಾನ್ ಜೈಲಿನಿಂದಲೇ ಆಯುಧ ಬಿಡಿ ಅಂತ ಕರೆ ಕೊಟ್ಟರು. ಮೇ ತಿಂಗಳಲ್ಲಿ ಪಿಕೆಕೆ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಜುಲೈ 11ರಂದು ಉತ್ತರ ಇರಾಕಿನ ಸುಲೈಮಾನಿಯಾ ಹತ್ತಿರದ ಬೆಟ್ಟದಲ್ಲಿ 30 ಜನ ಗಂಡು-ಹೆಣ್ಣು ಹೋರಾಟಗಾರರು ಸಾಲಾಗಿ ಬಂದು ಒಂದು ದೊಡ್ಡ ಕೊಪ್ಪರಿಗೆಯೊಳಗೆ ಬಂದೂಕು ಹಾಕಿ ಬೆಂಕಿ ಕೊಟ್ಟರು. ಆಯುಧವನ್ನು ಟರ್ಕಿ ಸೇನೆಯ ಕೈಗೆ ಕೊಟ್ಟರೆ ಶರಣಾದಂತೆ ಕಾಣುತ್ತದೆ. ಸುಟ್ಟರೆ ತಾವೇ ನಿರ್ಧರಿಸಿದಂತೆ.

ಇದು ಒಳ್ಳೆಯ ಬೆಳವಣಿಗೆ ಅಲ್ಲವೇ ಅಂತ ಕೇಳಿದರೆ, ಖಂಡಿತ ಹೌದು. ಆದರೆ ಕುರ್ದ್ ಜನರ ಜೊತೆ ಶಾಂತಿ ಮಾತು, ದೊಡ್ಡ ವಿರೋಧ ಪಕ್ಷದ ಮೇಲೆ ಕೇಸು, ಎರಡೂ ಒಂದೇ ಹೊತ್ತಿಗೆ ನಡೆಯುತ್ತಿವೆ. 2019 ಮತ್ತು 2024ರಲ್ಲಿ ಇಸ್ತಾಂಬುಲ್‌ನ ಕುರ್ದ್ ಮತದಾರರು ದೊಡ್ಡ ಸಂಖ್ಯೆಯಲ್ಲಿ ಇಮಾಮೊಗ್ಲು ಕಡೆ ವಾಲಿದ್ದರು. ಸಿಎಚ್‌ಪಿ ಮತ, ಕುರ್ದ್ ಮತ ಮತ್ತೆ ಒಂದಾಗಬಾರದು ಅನ್ನೋದು ಸರ್ಕಾರದ ಲೆಕ್ಕ. ನನ್ನ ಪ್ರಕಾರ ಇವತ್ತಿನ ರಾಜಧಾನಿ ಅಂಕಾರಾದ ರಾಜಕೀಯದ ಮುಖ್ಯ ಎಳೆ ಇದು.

ಇಲ್ಲಿಂದ ಗಡಿ ದಾಟಿದರೆ ಸಿರಿಯಾ. 2024ರ ಡಿಸೆಂಬರ್ 8ರಂದು ಅಸಾದ್ ಸರ್ಕಾರ ಬಿತ್ತು. ಹನ್ನೆರಡು ದಿನದ ದಾಳಿ, ಐವತ್ತು ವರ್ಷ ದಾಟಿದ ಕುಟುಂಬದ ಆಡಳಿತ ಮುಗಿಯಿತು. ಗೆದ್ದ ಬಂಡುಕೋರರ ಬೆನ್ನ ಹಿಂದೆ ವರ್ಷಗಳಿಂದ ಟರ್ಕಿ ಇತ್ತು. ನಾಲ್ಕೇ ದಿನಕ್ಕೆ ಟರ್ಕಿಯ ಗುಪ್ತಚರ ಮುಖ್ಯಸ್ಥ ಇಬ್ರಾಹಿಂ ಕಾಲಿನ್ ಡಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಕಾಣಿಸಿಕೊಂಡರು. ಗುಪ್ತಚರ ಮುಖ್ಯಸ್ಥರು ಟಿವಿ ಕ್ಯಾಮೆರಾ ಎದುರು ನಮಾಜಿಗೆ ಹೋಗುವುದು ಸುಮ್ನೆ ಅಲ್ಲ. ಆ ದೃಶ್ಯ ಡಮಾಸ್ಕಸ್‌ಗಿಂತ ಹೆಚ್ಚಾಗಿ ಟರ್ಕಿಯ ಮತದಾರರಿಗಾಗಿ ಇತ್ತು. ಯಾಕೆಂದರೆ ಸಿರಿಯಾ ಅಂದರೆ ಅಲ್ಲಿನವರಿಗೆ ವಿದೇಶಾಂಗ ವಿಷಯವೇ ಅಲ್ಲ. ಒಂದು ಹಂತದಲ್ಲಿ ಟರ್ಕಿಯಲ್ಲಿ 36 ಲಕ್ಷಕ್ಕೂ ಹೆಚ್ಚು ಸಿರಿಯಾ ನಿರಾಶ್ರಿತರಿದ್ದರು. ಬಾಡಿಗೆ ಏರಿದ್ದಕ್ಕೂ, ಕೆಲಸ ಸಿಗದಿದ್ದಕ್ಕೂ ಜನ ಅವರನ್ನೇ ಬೈಯುತ್ತಿದ್ದರು. 2023ರ ಎರಡನೇ ಸುತ್ತಿನಲ್ಲಿ ವಿರೋಧ ಪಕ್ಷದ ಅಭ್ಯರ್ಥಿ ಕೆಮಾಲ್ ಕಿಲಿಚ್‌ದಾರೊಗ್ಲು ಕೂಡ ಸಿರಿಯನ್ನರನ್ನು ಕಳಿಸುತ್ತೇವೆ ಅಂತಲೇ ಪೋಸ್ಟರ್ ಹಾಕಿದ್ದರು. ಅಸಾದ್ ಬಿದ್ದ ಮೇಲೆ ಲಕ್ಷಗಟ್ಟಲೆ ಜನ ತಾವಾಗಿಯೇ ಗಂಟುಮೂಟೆ ಕಟ್ಟಿದರು. ಎರ್ಡೊಗನ್‌ಗೆ ಒಂದು ದೊಡ್ಡ ತಲೆನೋವು ಇಳಿಯಿತು.

ಈಗ ನಿಮ್ಮ ಕ್ಷಿಪಣಿ, ಡ್ರೋನ್ ಪ್ರಶ್ನೆಗೆ ಬರೋಣ.

ನಾಲ್ಕು ರಸ್ತೆ ಸೇರುವ ಸರ್ಕಲ್‌ನಲ್ಲಿ ಅಂಗಡಿ ಇಟ್ಟವನು ಯಾರ ಜೊತೆಗೂ ಪೂರ್ತಿ ಜಗಳ ಆಡುವುದಿಲ್ಲ. ಹಾಗಂತ ಯಾರಿಗೂ ಕಡಿಮೆ ಬೆಲೆಗೂ ಕೊಡುವುದಿಲ್ಲ. ಟರ್ಕಿ ಹತ್ತಿರ ಬಾಸ್ಫರಸ್ ಮತ್ತು ಡಾರ್ಡನೆಲ್ಸ್ ಎಂಬ ಎರಡು ಜಲಸಂಧಿಗಳಿವೆ. ಕಪ್ಪು ಸಮುದ್ರದಿಂದ ಹೊರಗೆ ಬರಲು ಹಡಗಿಗೆ ಬೇರೆ ಸಮುದ್ರದಾರಿ ಇಲ್ಲ. ಬಾಸ್ಫರಸ್ ಇಕ್ಕಟ್ಟಾದ ಜಾಗದಲ್ಲಿ ಬರೀ 700 ಮೀಟರ್ ಅಗಲ. ದಡದ ಟೀ ಅಂಗಡಿಯಲ್ಲಿ ಕೂತವರ ಎದುರೇ ಯುದ್ಧನೌಕೆ, ತೈಲದ ಟ್ಯಾಂಕರ್ ಹಾದುಹೋಗುತ್ತವೆ.

1936ರ ಮಾಂಟ್ರೊ ಒಪ್ಪಂದ ಈ ದಾರಿಯ ಕೀಲಿಕೈಯನ್ನು ಟರ್ಕಿಗೆ ಕೊಟ್ಟಿದೆ. ಯುದ್ಧ ಮಾಡುತ್ತಿರುವ ದೇಶದ ನೌಕೆಗಳನ್ನು ಟರ್ಕಿ ತಡೆಯಬಹುದು, ತಮ್ಮ ನೆಲೆಗೆ ಮರಳುವ ನೌಕೆಗಳನ್ನು ಬಿಟ್ಟು. 2022ರ ಫೆಬ್ರುವರಿ ಕೊನೆಗೆ, ಉಕ್ರೇನ್ ಮೇಲೆ ದಾಳಿ ಶುರುವಾದ ಕೆಲವೇ ದಿನಕ್ಕೆ, ಟರ್ಕಿ ಈ ನಿಯಮ ಜಾರಿಗೆ ತಂದಿತು. ಅದರ ಪರಿಣಾಮ ದೊಡ್ಡದು. ಏಪ್ರಿಲ್‌ನಲ್ಲಿ ರಷ್ಯಾದ 'ಮಾಸ್ಕ್ವಾ' ನೌಕೆ ಮುಳುಗಿದಾಗ ಅದರ ಬದಲಿಗೆ ಬೇರೆ ಸಮುದ್ರದಿಂದ ಇನ್ನೊಂದನ್ನು ತರಿಸಿಕೊಳ್ಳಲು ರಷ್ಯಾಕ್ಕೆ ಆಗಲಿಲ್ಲ. ಅದೇ ಒಪ್ಪಂದ ತೋರಿಸಿ 2024ರ ಜನವರಿಯಲ್ಲಿ ಟರ್ಕಿ, ಬ್ರಿಟನ್ ಉಕ್ರೇನ್‌ಗೆ ಕೊಟ್ಟಿದ್ದ ಸಮುದ್ರದಲ್ಲಿ ಹುದುಗಿಸಿಟ್ಟ ಬಾಂಬು (ಮೈನ್) ಹುಡುಕುವ ಎರಡು ಹಡಗುಗಳಿಗೂ ದಾರಿ ಇಲ್ಲ ಎಂದಿತು. ಇಬ್ಬರಿಗೂ ಒಂದೇ ಬಾಗಿಲು, ಇಬ್ಬರಿಗೂ ಬೀಗ. ಬೈರಕ್ತಾರ್ ಡ್ರೋನ್ ಉಕ್ರೇನ್‌ಗೆ ಹೋಯಿತು. ಆದರೆ ರಷ್ಯಾದ ಮೇಲೆ ಪಶ್ಚಿಮದ ದೇಶಗಳು ಹಾಕಿದ ನಿರ್ಬಂಧಕ್ಕೆ ಟರ್ಕಿ ಸೇರಲಿಲ್ಲ. ಇಬ್ಬರ ನಡುವೆ ಇದ್ದಿದ್ದಕ್ಕೇ 2022ರ ಜುಲೈನಲ್ಲಿ ಧಾನ್ಯ ಸಾಗಣೆಯ ಒಪ್ಪಂದ ಇಸ್ತಾಂಬುಲ್‌ನಲ್ಲಿ ಆಯಿತು. ಒಂದು ವರ್ಷ ಅದು ನಡೆಯಿತು.

ರಷ್ಯಾದಿಂದ ಕೊಂಡ ಎಸ್-400 ಕ್ಷಿಪಣಿ ವ್ಯವಸ್ಥೆಯ ಕಥೆಯಲ್ಲಿ ಮಾತ್ರ ಟರ್ಕಿ ಕೈ ಸುಟ್ಟುಕೊಂಡಿತು. ಅದರ ಬೇರೂ ಒಳರಾಜಕೀಯದಲ್ಲೇ ಇದೆ. 2016ರ ಜುಲೈ 15ರ ರಾತ್ರಿ ಸೇನೆಯ ಒಂದು ಗುಂಪು ದಂಗೆ ಎದ್ದಿತು. ಯುದ್ಧವಿಮಾನಗಳು ಅಂಕಾರಾದ ಸಂಸತ್ತಿನ ಮೇಲೇ ಬಾಂಬು ಹಾಕಿದವು. ಸುಮಾರು 250 ಜನ ಸತ್ತರು. ಸರ್ಕಾರ ಇದಕ್ಕೆ ಫೆತುಲ್ಲಾ ಗುಲೆನ್ ಎಂಬ ಧರ್ಮಗುರುವೇ ಕಾರಣ ಎಂದಿತು. ಆತ ಇದ್ದಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, 2024ರಲ್ಲಿ ಸತ್ತಿದ್ದೂ ಅಲ್ಲೇ. ಅಮೆರಿಕ ಆತನನ್ನು ಒಪ್ಪಿಸಲಿಲ್ಲ. ದಂಗೆಯ ಸುದ್ದಿ ತಿಳಿದ ಕೂಡಲೇ ಬೆಂಬಲ ಸೂಚಿಸಿ ಫೋನ್ ಮಾಡಿದವರಲ್ಲಿ ಪುಟಿನ್ ಒಬ್ಬರು. ಮುಂದಿನ ವರ್ಷವೇ ಎಸ್-400 ಒಪ್ಪಂದ. 2019ರ ಜುಲೈನಲ್ಲಿ ಕ್ಷಿಪಣಿ ಬಂತು, ಅದೇ ತಿಂಗಳು ಅಮೆರಿಕ ಟರ್ಕಿಯನ್ನು ಎಫ್-35 ಯುದ್ಧವಿಮಾನ ಯೋಜನೆಯಿಂದ ಹೊರಹಾಕಿತು. ವಿಮಾನದ ಬಿಡಿಭಾಗ ಮಾಡುತ್ತಿದ್ದ ಟರ್ಕಿ ಕಂಪನಿಗಳ ಕೆಲಸವೂ ಹೋಯಿತು. ದಂಗೆಯ ನಂತರ ಲಕ್ಷಕ್ಕೂ ಹೆಚ್ಚು ಸರ್ಕಾರಿ ನೌಕರರು ಕೆಲಸ ಕಳೆದುಕೊಂಡರು. 2017ರ ಜನಮತಗಣನೆಯಲ್ಲಿ ಪ್ರಧಾನಿ ಹುದ್ದೆ ತೆಗೆದು ಎಲ್ಲ ಅಧಿಕಾರ ಅಧ್ಯಕ್ಷರಿಗೆ ಕೊಡಲು ಶೇ 51ರಷ್ಟು ಜನ ಒಪ್ಪಿದರು. ಬೇರೆ ದೇಶದ ಜೊತೆ ಯಾವ ಮಾತಿಗೂ ಒಬ್ಬರದೇ ಕೊನೆಯ ಮಾತು ಅನ್ನುವ ಸ್ಥಿತಿ ಅಲ್ಲಿಂದ ಶುರು.

ಸ್ವೀಡನ್ ವಿಷಯದಲ್ಲಿ ಹಳೆಯ ನಷ್ಟ ಸ್ವಲ್ಪ ವಸೂಲಾಯಿತು. ನೇಟೊಗೆ ಹೊಸ ಸದಸ್ಯ ಬರಬೇಕಾದರೆ ಎಲ್ಲರೂ ಒಪ್ಪಬೇಕು. ಟರ್ಕಿ ಸ್ವೀಡನ್‌ನ ಕಡತವನ್ನು ಒಂದೂವರೆ ವರ್ಷ ಹಿಡಿದಿಟ್ಟಿತು. 2024ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕೆಲವೇ ದಿನದಲ್ಲಿ ಅಮೆರಿಕ 23 ಬಿಲಿಯನ್ ಡಾಲರ್‌ನ ಎಫ್-16 ಯುದ್ಧವಿಮಾನಗಳ ಮಾರಾಟಕ್ಕೆ ಹಸಿರು ನಿಶಾನೆ ತೋರಿಸಿತು.

ದುಡ್ಡಿನ ವಿಷಯ ಹೇಳದಿದ್ದರೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಬಡ್ಡಿ ಏರಿಸಿದರೆ ಬೆಲೆ ಏರುತ್ತದೆ ಅನ್ನೋದು ಎರ್ಡೊಗನ್ ನಂಬಿಕೆ. ಅರ್ಥಶಾಸ್ತ್ರದ ಯಾವ ಮೇಷ್ಟ್ರೂ ಇದನ್ನು ಒಪ್ಪಲ್ಲ. 2021ರಿಂದ ಬಡ್ಡಿ ಇಳಿಸುತ್ತಾ ಹೋದರು. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ 85 ದಾಟಿತು. 2021ರ ಆರಂಭದಲ್ಲಿ ಡಾಲರ್‌ಗೆ ಏಳೂವರೆ ಲಿರಾ ಇದ್ದಿದ್ದು 2025 ಮುಗಿಯುವ ಹೊತ್ತಿಗೆ 40 ದಾಟಿತ್ತು. ಸಂಬಳ ಬಂದ ದಿನವೇ ಡಾಲರ್ ಅಥವಾ ಚಿನ್ನ ಕೊಂಡಿಡುವುದು ಅಲ್ಲಿನ ಮಧ್ಯಮ ವರ್ಗದ ಅಭ್ಯಾಸವಾಗಿ ಹೋಯಿತು.

ಹೀಗಿರುವಾಗ 2023ರ ಚುನಾವಣೆ ಹೇಗೆ ಗೆದ್ದರು? ಹೊರಗಿನ ಗೆಳೆಯರ ಕಡೆ ನೋಡಿ. ಪತ್ರಕರ್ತ ಜಮಾಲ್ ಖಶೋಗಿ 2018ರಲ್ಲಿ ಇಸ್ತಾಂಬುಲ್‌ನ ಸೌದಿ ದೂತಾವಾಸದಲ್ಲೇ ಕೊಲೆಯಾದಾಗ ಎರ್ಡೊಗನ್ ಸೌದಿ ಅರಮನೆಯ ಮೇಲೆ ಕೆಂಡ ಕಾರಿದ್ದರು. 2022ರ ಏಪ್ರಿಲ್‌ನಲ್ಲಿ ಟರ್ಕಿ ಕೋರ್ಟು ಆ ಕೇಸನ್ನು ಸೌದಿಗೇ ಕಳಿಸಿಕೊಟ್ಟಿತು. ಅದೇ ತಿಂಗಳ ಕೊನೆಗೆ ಎರ್ಡೊಗನ್ ಜೆಡ್ಡಾದಲ್ಲಿದ್ದರು. 2023ರ ಮಾರ್ಚ್‌ನಲ್ಲಿ, ಅಂದರೆ ಮತದಾನಕ್ಕೆ ಎರಡು ತಿಂಗಳ ಮುಂಚೆ, ಸೌದಿ 5 ಬಿಲಿಯನ್ ಡಾಲರ್ ತಂದು ಟರ್ಕಿಯ ಕೇಂದ್ರೀಯ ಬ್ಯಾಂಕಿನಲ್ಲಿ ಇಟ್ಟಿತು. ರಷ್ಯಾ ಗ್ಯಾಸ್ ಬಿಲ್‌ನ ಒಂದು ಪಾಲನ್ನು ಆಮೇಲೆ ಕೊಡಿ ಎಂದಿತು. ಎರ್ಡೊಗನ್ ಮನೆಮನೆಗೆ ಒಂದು ತಿಂಗಳು ಗ್ಯಾಸ್ ಉಚಿತ ಎಂದರು. ಚುನಾವಣೆ ಮುಗಿದ ಮೇಲೆ ಮೆಹ್ಮೆತ್ ಶಿಮ್ಶೆಕ್ ಎಂಬ ಅನುಭವಿಯನ್ನು ಹಣಕಾಸು ಸಚಿವರಾಗಿ ವಾಪಸ್ ಕರೆದರು. ಶೇ 8.5 ಇದ್ದ ಬಡ್ಡಿ 2024ರ ಮಾರ್ಚ್ ಹೊತ್ತಿಗೆ ಶೇ 50 ಆಗಿತ್ತು. ಅದೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಪಕ್ಷ ಸೋತಿದ್ದು ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಇಮಾಮೊಗ್ಲು ಬಂಧನಕ್ಕೆ ಯುರೋಪ್, ಅಮೆರಿಕದಿಂದ ಸಪ್ಪೆ ಪ್ರತಿಕ್ರಿಯೆ ಬಂದಿದ್ದಕ್ಕೂ ಇದೇ ವಿವರಣೆ. ಟ್ರಂಪ್ ಸರ್ಕಾರಕ್ಕೆ ಸಿರಿಯಾದಲ್ಲಿ ಟರ್ಕಿ ಬೇಕು. ಅಮೆರಿಕ ಕೈಬಿಟ್ಟರೆ ಏನು ಗತಿ ಅಂತ ಚಿಂತಿಸುತ್ತಿರುವ ಯುರೋಪಿಗೆ ನೇಟೊದ ಎರಡನೇ ಅತಿ ದೊಡ್ಡ ಸೇನೆ ಬೇಕು, ಡ್ರೋನ್ ಕಾರ್ಖಾನೆಗಳು ಬೇಕು. ನಿರಾಶ್ರಿತರನ್ನು ತಡೆದಿಟ್ಟುಕೊಳ್ಳಲು ಯುರೋಪ್ 2016ರಲ್ಲೇ 6 ಬಿಲಿಯನ್ ಯೂರೊ ಕೊಡಲು ಒಪ್ಪಿತ್ತು. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ ಟರ್ಕಿಗೆ 20 ಯೂರೋಫೈಟರ್ ಯುದ್ಧವಿಮಾನ ಮಾರುವ ಒಪ್ಪಂದಕ್ಕೆ ಸಹಿ ಹಾಕಿತು. ಆ ಹೊತ್ತಿಗೆ ಇಮಾಮೊಗ್ಲು ಏಳು ತಿಂಗಳಿಂದ ಸಿಲಿವ್ರಿ ಜೈಲಿನಲ್ಲಿದ್ದರು. ಹೊರಗೆ ಬೇಕಾದವನಾಗಿದ್ದರೆ ಒಳಗೆ ಏನು ಮಾಡಿದರೂ ಕೇಳುವವರಿಲ್ಲ. ಎರ್ಡೊಗನ್ ಇದನ್ನು ಯಾರಿಗಿಂತಲೂ ಬೇಗ ಅರ್ಥ ಮಾಡಿಕೊಂಡರು.

ಧರ್ಮದ ಪ್ರಶ್ನೆಗೆ ಬಂದರೆ, ಭಾಷಣದಲ್ಲಿ ಅದು ತುಂಬಾ ಇದೆ, ವ್ಯವಹಾರದಲ್ಲಿ ಕಡಿಮೆ. 2009ರಲ್ಲಿ ಚೀನಾದ ಉಯಿಗುರ್ ಮುಸ್ಲಿಮರ ಮೇಲಿನ ಹಿಂಸೆಯನ್ನು ಎರ್ಡೊಗನ್ ನರಮೇಧಕ್ಕೆ ಹೋಲಿಸಿದ್ದರು. ಚೀನಾದ ಹಣ ಬೇಕಾದ ಮೇಲೆ ದನಿ ಮೆತ್ತಗಾಯಿತು. ಗಾಜಾ ವಿಷಯ ಇನ್ನೂ ಸ್ಪಷ್ಟ. 2023ರ ಅಕ್ಟೋಬರ್‌ನಿಂದ ಅವರು ಇಸ್ರೇಲ್ ವಿರುದ್ಧ ಗುಡುಗುತ್ತಲೇ ಇದ್ದರು, ಹಡಗುಗಳು ಮಾತ್ರ ಟರ್ಕಿಯಿಂದ ಇಸ್ರೇಲ್‌ಗೆ ಹೋಗುತ್ತಲೇ ಇದ್ದವು. ಯೆನಿದೆನ್ ರೆಫಾಹ್ ಎಂಬ ಸಣ್ಣ ಇಸ್ಲಾಮಿಕ್ ಪಕ್ಷ 2024ರ ಮಾರ್ಚ್ ಚುನಾವಣೆಯಲ್ಲಿ ಇದನ್ನೇ ಎತ್ತಿ ಆಡಿತು. ಶೇ 6ರಷ್ಟು ಮತ ಪಡೆಯಿತು, ಅದರಲ್ಲಿ ಬಹುಪಾಲು ಎಕೆಪಿಯದ್ದೇ. ಏಪ್ರಿಲ್‌ನಲ್ಲಿ ಸರ್ಕಾರ ಕೆಲವು ಸರಕುಗಳಿಗೆ ತಡೆ ಹಾಕಿತು, ಮೇ 2ರಂದು ವ್ಯಾಪಾರ ಪೂರ್ತಿ ಬಂದ್ ಎಂದಿತು. ಏಳು ತಿಂಗಳ ಬಾಂಬ್ ದಾಳಿಗೆ ಆಗದ ಕೆಲಸ ಒಂದು ಸ್ಥಳೀಯ ಚುನಾವಣೆಯಿಂದ ಆಯಿತು.

ನಮ್ಮ ಕರ್ನಾಟಕಕ್ಕೂ ಇದರ ಹಳೇ ಅನುಭವ ಇದೆ. 1786ರಲ್ಲಿ ಟಿಪ್ಪು ಸುಲ್ತಾನ್ ಉತ್ತರ ಕನ್ನಡದ ತದಡಿ ಬಂದರಿನಿಂದ ನೂರಾರು ಜನರ ನಿಯೋಗವನ್ನು ಇಸ್ತಾಂಬುಲ್‌ಗೆ ಕಳಿಸಿದ. ಇಂಗ್ಲಿಷರ ವಿರುದ್ಧ, ಆಗ ಟರ್ಕಿಯನ್ನು ಆಳುತ್ತಿದ್ದ ಆಟೊಮನ್ ಸುಲ್ತಾನನ ನೆರವು ಬೇಕಿತ್ತು. ಹೋದವರಲ್ಲಿ ಬಹಳಷ್ಟು ಜನ ರೋಗಕ್ಕೆ ಸತ್ತರು. ಉಳಿದವರು ಹೆಚ್ಚು ಕಡಿಮೆ ಬರಿಗೈಲಿ ಬಂದರು. ರಷ್ಯಾ ಜೊತೆ ಯುದ್ಧದ ಹೊಸ್ತಿಲಲ್ಲಿದ್ದ ಸುಲ್ತಾನನಿಗೆ ಇಂಗ್ಲಿಷರ ಸ್ನೇಹವೇ ಮುಖ್ಯವಾಗಿತ್ತು. 1798ರಲ್ಲಿ ನೆಪೋಲಿಯನ್ ಈಜಿಪ್ಟ್‌ಗೆ ನುಗ್ಗಿದಾಗ ಸುಲ್ತಾನ್ ಮೂರನೇ ಸಲೀಂ ಟಿಪ್ಪುಗೆ ಪತ್ರ ಬರೆದ. ಫ್ರೆಂಚರನ್ನು ನಂಬಬೇಡ, ಇಂಗ್ಲಿಷರ ಜೊತೆ ಜಗಳ ಬಿಡು ಅನ್ನೋದು ಅದರ ಸಾರ. ಆ ಪತ್ರವನ್ನು ಟಿಪ್ಪುಗೆ ತಲುಪಿಸಿದವರೂ ಇಂಗ್ಲಿಷರೇ. ಕೆಲವೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು.

ಹಾಗಾದರೆ ಪಾಕಿಸ್ತಾನ? ಅದು ಎರ್ಡೊಗನ್ ಕಾಲದ ಗೆಳೆತನ ಅಲ್ಲ. 1955ರ ಬಾಗ್ದಾದ್ ಒಪ್ಪಂದದಲ್ಲಿ ಎರಡೂ ದೇಶ ಅಮೆರಿಕ, ಬ್ರಿಟನ್ ಪಾಳಯದಲ್ಲಿ ಜೊತೆಗಿದ್ದವು. ಆಗ ಟರ್ಕಿ ಕಟ್ಟಾ ಜಾತ್ಯತೀತ ದೇಶ. 1974ರಲ್ಲಿ ಟರ್ಕಿ ಸೈಪ್ರಸ್‌ಗೆ ಸೇನೆ ನುಗ್ಗಿಸಿದಾಗ ಪಾಕಿಸ್ತಾನ ಬೆನ್ನಿಗೆ ನಿಂತಿತು, ಭಾರತ ಸೈಪ್ರಸ್ ಪರ ಇತ್ತು. ಈಗ ಅದರ ಮೇಲೆ ಶಸ್ತ್ರಾಸ್ತ್ರ ವ್ಯಾಪಾರವೂ ಸೇರಿದೆ. 2018ರಲ್ಲಿ ಪಾಕಿಸ್ತಾನ ನಾಲ್ಕು ಟರ್ಕಿ ಯುದ್ಧನೌಕೆಗಳಿಗೆ ಆರ್ಡರ್ ಕೊಟ್ಟಿತು. 2025ರ ಮೇ 8ರ ರಾತ್ರಿ ನಮ್ಮ ಗಡಿಯುದ್ದಕ್ಕೂ ಬಂದ ಮುನ್ನೂರು ನಾನೂರು ಡ್ರೋನ್‌ಗಳಲ್ಲಿ ಟರ್ಕಿಯ ಸೊಂಗರ್ ಡ್ರೋನ್ ಇದ್ದವು ಅಂತ ಭಾರತ ಸೇನೆ ಹೇಳಿತು. ಡ್ರೋನ್ ಈಗ ಟರ್ಕಿಯ ದೊಡ್ಡ ರಫ್ತು, ದೊಡ್ಡ ಹೆಮ್ಮೆ, ಚುನಾವಣಾ ಪೋಸ್ಟರ್ ಕೂಡ.

ಭೂಕಂಪದ ಋಣ ಎಲ್ಲಿ ಹೋಯಿತು ಅಂತ ನೀವು ಕೇಳಿದ್ದು ನ್ಯಾಯವೇ. 2023ರ ಫೆಬ್ರುವರಿ 6ರ ಆ ದುರಂತದಲ್ಲಿ ಟರ್ಕಿಯಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಭಾರತದ ಸೇನೆ ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ಹಾಕಿ ಸಾವಿರಾರು ಜನಕ್ಕೆ ಚಿಕಿತ್ಸೆ ಕೊಟ್ಟಿತು. ಸಾಮಾನ್ಯ ಜನ ಅದನ್ನು ಮರೆತಿಲ್ಲ ಅಂತ ನನಗನಿಸುತ್ತದೆ. ಆದರೆ ಆಳುವವರಿಗೆ ಕಾಶ್ಮೀರದ ಬಗ್ಗೆ ಮಾತಾಡಿದರೆ ಕೆಲವು ಮತ ಸಿಗುತ್ತದೆ. ಭಾರತಕ್ಕೆ ಥ್ಯಾಂಕ್ಸ್ ಹೇಳಿದರೆ ಒಂದೂ ಸಿಗಲ್ಲ.

ಕೊನೆಗೆ ಪ್ರವಾಸದ ವಿಷಯ. 2025ರ ಮೇ 15ರಂದು ಭಾರತ ಸರ್ಕಾರ ಸೆಲೆಬಿ ಎಂಬ ಟರ್ಕಿ ಮೂಲದ ಕಂಪನಿಯ ಭದ್ರತಾ ಅನುಮತಿ ರದ್ದು ಮಾಡಿತು. ಬೆಂಗಳೂರೂ ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಅದು ಲಗೇಜು, ಸರಕು ನೋಡಿಕೊಳ್ಳುವಂಥ ಕೆಲಸ ಮಾಡುತ್ತಿತ್ತು. ಆ ಕಂಪನಿಗೆ ಅದು ನಿಜವಾದ ಪೆಟ್ಟು. ಅರ್ಮೇನಿಯಾಗೆ ಪಿನಾಕಾ ರಾಕೆಟ್ ಮಾರುವುದು, ಗ್ರೀಸ್ ಜೊತೆ ಸಮರಾಭ್ಯಾಸ, 2025ರ ಜೂನ್‌ನಲ್ಲಿ ಪ್ರಧಾನಿ ಮೋದಿ ಸೈಪ್ರಸ್‌ಗೆ ಹೋಗಿದ್ದು, ಇವೆಲ್ಲ ಅಂಕಾರಾಗೆ ಚುರುಕ್ ಅನ್ನುವಂಥವೇ, ಯಾಕೆಂದರೆ ಆ ಮೂರೂ ಟರ್ಕಿಗೆ ಆಗದ ದೇಶಗಳು. ಪ್ರವಾಸಿಗರ ಲೆಕ್ಕ ಬೇರೆ. 2024ರಲ್ಲಿ ಟರ್ಕಿಗೆ ಹೋದ ಭಾರತೀಯರು ಸುಮಾರು 3.3 ಲಕ್ಷ. ಅದೇ ವರ್ಷ ಅಲ್ಲಿಗೆ ಬಂದ ವಿದೇಶಿಯರು 5 ಕೋಟಿಗೂ ಹೆಚ್ಚು. ಶೇ 1 ಕೂಡ ಆಗಲಿಲ್ಲ. ಅದ್ದೂರಿ ಮದುವೆ ಮಾಡಲು ಹೋಗುವವರು ಜಾಸ್ತಿ ಖರ್ಚು ಮಾಡುತ್ತಾರೆ, ನಿಜ. ಆದರೆ ಆ ದುಡ್ಡು ಹೋಗುವುದು ಎಲ್ಲಿಗೆ? ಅಂಟಾಲ್ಯ, ಬೋದ್ರುಮ್, ಇಜ್ಮಿರ್, ಇಸ್ತಾಂಬುಲ್. ನಾಲ್ಕೂ ಕಡೆ 2024ರಲ್ಲಿ ಗೆದ್ದಿದ್ದು ವಿರೋಧ ಪಕ್ಷ. ಅಂಟಾಲ್ಯದ ಸಿಎಚ್‌ಪಿ ಮೇಯರ್ ಕೂಡ 2025ರ ಜುಲೈನಲ್ಲಿ ಬಂಧನಕ್ಕೊಳಗಾದರು. ನೀವು ಹೋಗದಿದ್ದರೆ ಖಾಲಿಯಾಗುವ ಹೋಟೆಲ್ ಕೋಣೆಗಳು ಬಹುಮಟ್ಟಿಗೆ ಎರ್ಡೊಗನ್‌ಗೆ ಮತ ಹಾಕದ ಊರುಗಳಲ್ಲೇ ಇವೆ. ಹೋಗುವುದು ಬಿಡುವುದು ನಿಮ್ಮಿಷ್ಟ.